ಕ್ಯಾಸೆಟ್–ಸಿಡಿ ಪ್ಲೇಯರ್: ಹಲವು ವರ್ಷಗಳ ಬಳಕೆ, ಹಲವು ಸಲದ ರಿಪೇರಿ

ಐದು ನಕ್ಷತ್ರಗಳಲ್ಲಿ ಮೂರೂವರೆ. ಕ್ಯಾಸೆಟ್ ಭಾಗಕ್ಕಷ್ಟೇ ಅಂಕ ಕೊಡುವುದಾದರೆ ನಾಲ್ಕೂವರೆ ಕೊಡುತ್ತಿದ್ದೆ; ಸಿಡಿ ಭಾಗ ಅದನ್ನು ಕೆಳಗೆ ಎಳೆದಿದೆ. ಹೊಸದಾಗಿ ಕೊಂಡಾಗ ಕೇಳಿದ್ದರೆ ಇದರ ತಿರುವುಮುರುವು ಹೇಳುತ್ತಿದ್ದೆ. ಆದರೆ ಹೊಸದಿದ್ದಾಗ ಯಾವ ಯಂತ್ರ ತಾನೇ ಹಾಡುವುದಿಲ್ಲ? ಬೆಲ್ಟ್ ಸಡಿಲವಾಗಿ, ಲೇಸರ್ ಸೊರಗಿ, ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ ಎನ್ನುವ ಹೊತ್ತಿಗೆ ವಿಮರ್ಶೆ ಬರೆಯುವವರು ಯಾರೂ ಇರುವುದಿಲ್ಲ. ಕೊಳ್ಳುವವರಿಗೆ ನಿಜವಾಗಿ ಬೇಕಾಗಿರುವುದು ಆ ಹೊತ್ತಿನ ಸುದ್ದಿ.

ಯಂತ್ರ ಎಲ್ಲರೂ ನೋಡಿರುವಂಥದ್ದೇ. ಮೇಲೆ ಸಿಡಿಯ ಮುಚ್ಚಳ, ಮುಂದೆ ಕ್ಯಾಸೆಟ್ಟಿನ ಬಾಗಿಲು, ಎರಡು ಬದಿಗೆ ಸ್ಪೀಕರ್, ಎತ್ತಿ ಒಯ್ಯಲು ಹಿಡಿ, ಬೆನ್ನಿನಲ್ಲಿ ದೊಡ್ಡ ಸೆಲ್ಲುಗಳ ಗೂಡು. ರೇಡಿಯೋ ಕೂಡ ಇದೆ. ಅದು ಒಮ್ಮೆಯೂ ಕೆಟ್ಟಿಲ್ಲವಾದ್ದರಿಂದ ಹೇಳುವುದಕ್ಕೂ ಏನಿಲ್ಲ. ಫಿಲಿಪ್ಸ್ 1963ರಲ್ಲಿ ಹೊರತಂದ ಕ್ಯಾಸೆಟ್ಟೂ, ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯೂ ಇಲ್ಲಿ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಮಾಡುತ್ತಿವೆ. ಕ್ಯಾಸೆಟ್ ಭಾಗ ಕೆಟ್ಟರೆ ಕಾರಣ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ಸಿಡಿ ಭಾಗ ಕೆಟ್ಟರೆ ಪರದೆಯ ಮೇಲೆ ‘ಡಿಸ್ಕ್ ಇಲ್ಲ’ ಎಂದು ತೋರಿಸಿ ಸುಮ್ಮನಾಗುತ್ತದೆ. ಡಿಸ್ಕ್ ಒಳಗೇ ಇರುತ್ತದೆ!

ಈ ಯಂತ್ರದ ಮೊದಲ ಗುಣವೆಂದರೆ ಇದನ್ನು ಬಿಚ್ಚಬಹುದು. ಎಲ್ಲಿಯೂ ಅಂಟು ಹಾಕಿಲ್ಲ, ಪೂರ್ತಿ ಸ್ಕ್ರೂಗಳ ಮೇಲೆ ನಿಂತಿದೆ. ಅವು ಬೆನ್ನಿನ ಆಳವಾದ ಕುಳಿಗಳಲ್ಲಿ ಇರುವುದರಿಂದ ಉದ್ದ ಕಡ್ಡಿಯ ಸ್ಕ್ರೂಡ್ರೈವರ್ ಬೇಕು. ಎಲ್ಲ ಸ್ಕ್ರೂಗಳೂ ಒಂದೇ ಉದ್ದದವಲ್ಲ ಎಂಬುದನ್ನು ಮರೆಯಬಾರದು. ಗಿಡ್ಡನೆಯದರ ಜಾಗದಲ್ಲಿ ಉದ್ದನೆಯದನ್ನು ತಿರುಗಿಸಿದರೆ ಪ್ಲಾಸ್ಟಿಕ್ ಸೀಳುತ್ತದೆ. ರಟ್ಟಿನ ಮೇಲೆ ಯಂತ್ರದ ಬೆನ್ನಿನ ಚಿತ್ರ ಬರೆದುಕೊಂಡು, ತೆಗೆದ ಸ್ಕ್ರೂವನ್ನು ಆಯಾ ಜಾಗದಲ್ಲೇ ಚುಚ್ಚಿಡುತ್ತೇನೆ. ಪ್ಲಗ್ ಕಿತ್ತಿರಬೇಕು, ಸೆಲ್ಲುಗಳನ್ನು ತೆಗೆದಿರಬೇಕು ಎಂಬುದು ಹೇಳದೆಯೂ ತಿಳಿಯಬೇಕಾದ ಮಾತು. ಬೆನ್ನಿನ ಭಾಗವನ್ನು ಒಮ್ಮೆಲೇ ಎಳೆಯಲೂಬಾರದು. ಆಂಟೆನಾದ ತಂತಿಯೂ ಟ್ರಾನ್ಸ್‌ಫಾರ್ಮರಿನ ತಂತಿಗಳೂ ಅದರ ಜೊತೆಗೇ ಬರುತ್ತವೆ.

ಮೊದಲು ಕೈಕೊಟ್ಟದ್ದು ಬೆಲ್ಟ್. ಇಂಥ ಯಂತ್ರಗಳಲ್ಲೆಲ್ಲ ಮೊದಲು ಹೋಗುವುದು ಅದೇ. ಮೋಟಾರಿನ ಪುಲ್ಲಿಯಿಂದ ಒಂದು ರಬ್ಬರ್ ಬೆಲ್ಟ್ ಭಾರವಾದ ಫ್ಲೈವೀಲನ್ನು ತಿರುಗಿಸುತ್ತದೆ. ಫ್ಲೈವೀಲಿನ ನಡುವಿನ ಸಣ್ಣ ಉಕ್ಕಿನ ಕಡ್ಡಿಯೇ ಕ್ಯಾಪ್‌ಸ್ಟನ್. ಅದಕ್ಕೆ ಪಿಂಚ್ ರೋಲರ್ ಎಂಬ ರಬ್ಬರ್ ಉರುಳೆ ಒತ್ತಿಕೊಂಡಾಗ ನಡುವೆ ಸಿಕ್ಕ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸಾಗುತ್ತದೆ. ಬೆಲ್ಟ್ ಸಡಿಲವಾಗುವ ಲಕ್ಷಣ ಮೊದಲು ಹಾಡಿನಲ್ಲಿ ಗೊತ್ತಾಗುವುದಿಲ್ಲ. ರಿವೈಂಡ್ ಮಾಡುವಾಗ ಕೊನೆಯ ಸುತ್ತುಗಳಲ್ಲಿ ಯಂತ್ರ ಏದುಸಿರು ಬಿಡುತ್ತದೆ. ಆಮೇಲೆ ಹಾಡುಗಾರರ ಶ್ರುತಿ ಇಳಿಯುತ್ತದೆ. ಕಡೆಗೆ ಟೇಪನ್ನು ಸುತ್ತಿಕೊಳ್ಳಬೇಕಾದ ರೀಲಿಗೆ ಬಲ ಸಾಲದೆ, ಹೊರಬಂದ ಟೇಪು ಪಿಂಚ್ ರೋಲರಿಗೆ ಸುತ್ತಿಕೊಳ್ಳುತ್ತದೆ. ಕ್ಯಾಸೆಟ್ ಸಿಕ್ಕಿಹಾಕಿಕೊಂಡಿತು ಎಂದು ಕ್ಯಾಸೆಟ್ಟನ್ನು ಬೈಯುವವರು ಬಹಳ. ಹೆಚ್ಚಿನ ಸಲ ತಪ್ಪು ಬೆಲ್ಟಿನದು.

ನನ್ನ ಯಂತ್ರದ ಹಳೆಯ ಬೆಲ್ಟ್ ಡಾಂಬರಿನಂತೆ ಕರಗಿ ಪುಲ್ಲಿಗೆ ಮೆತ್ತಿಕೊಂಡಿತ್ತು. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯುವುದು ಬೆಲ್ಟ್ ಬದಲಿಸುವುದಕ್ಕಿಂತ ದೊಡ್ಡ ಕೆಲಸ. ಬೆರಳಿಗೆ ಹತ್ತಿದರೆ ಬೆರಳಿನಿಂದ ಮೇಜಿಗೆ, ಮೇಜಿನಿಂದ ಬಟ್ಟೆಗೆ. ಪುಲ್ಲಿಯ ಕೊರಕಲಿನಲ್ಲಿ ಸ್ವಲ್ಪ ಉಳಿದರೂ ಹೊಸ ಬೆಲ್ಟ್ ಆ ಉಬ್ಬಿನ ಮೇಲೆ ಹಾದಾಗಲೆಲ್ಲ ಹಾಡು ನಡುಗುತ್ತದೆ. ಹೊಸ ಬೆಲ್ಟಿಗೆ ಹಳೆಯದರ ಅಳತೆ ಕೊಡಬಾರದು, ಅದು ಹಿಗ್ಗಿರುತ್ತದೆ. ಪುಲ್ಲಿಗಳ ಸುತ್ತ ದಾರ ಸುತ್ತಿ ಅಳೆದು, ಅದಕ್ಕಿಂತ ತುಸು ಕಡಿಮೆ ಸುತ್ತಳತೆಯದನ್ನು ತರಿಸಬೇಕು. ತೀರಾ ಬಿಗಿಯಾದರೆ ಮೋಟಾರಿನ ಬೇರಿಂಗಿಗೆ ಹೊರೆ. ಕಾಗದದ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಹಾಕಿ ಓಡಿಸಿದವರನ್ನೂ ಕಂಡಿದ್ದೇನೆ. ಅದರ ದಪ್ಪ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಯಂತ್ರ ಓಡುತ್ತದೆ, ಹಾಡು ಓಲಾಡುತ್ತದೆ.

ಬೆಲ್ಟ್ ಬದಲಿಸಿದ ಮೇಲೆ ವೇಗ ಸರಿಮಾಡಬೇಕು. ಮೋಟಾರಿನ ಹಿಂಬದಿಯಲ್ಲಿ ಒಂದು ಸಣ್ಣ ತೂತಿದೆ, ಅದರೊಳಗೆ ವೇಗದ ತಿರುಪು. 3150 ಹರ್ಟ್ಸ್ ಸ್ವರವನ್ನು ಧ್ವನಿಮುದ್ರಿಸಿದ ಪರೀಕ್ಷಾ ಕ್ಯಾಸೆಟ್ ಹಾಕಿ, ಮೊಬೈಲಿನ ಆವರ್ತನ ಅಳೆಯುವ ಆ್ಯಪ್‌ನಲ್ಲಿ ಅದೇ ಅಂಕಿ ಬರುವ ತನಕ ಕೂದಲೆಳೆಯಷ್ಟು ತಿರುಗಿಸುವುದು. ಈ ವರ್ಗದ ಯಂತ್ರದಲ್ಲಿ ಅಂಕಿ ಒಂದೆಡೆ ನಿಲ್ಲುವುದಿಲ್ಲ, ಆಚೀಚೆ ತೂಗುತ್ತಿರುತ್ತದೆ. ನಡುವಿನ ಅಂಕಿ ಸರಿ ಬಂದರೆ ಕೈ ತೆಗೆಯಬೇಕು.

ಇನ್ನು ಹೆಡ್, ಅಂದರೆ ಟೇಪಿನಿಂದ ಸದ್ದನ್ನು ಓದುವ ಭಾಗ. ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಕೆಲಸ ಇಲ್ಲಿಯದು. ಹತ್ತಿಯಿಂದ ಒರೆಸಿದರೆ ಕಂದು ಬಣ್ಣದ ಪುಡಿ ಬರುತ್ತದೆ, ಟೇಪಿನಿಂದ ಉದುರಿದ ಆಕ್ಸೈಡ್ ಅದು. ಅದನ್ನು ತೆಗೆದರೇ ಸದ್ದಿಗೆ ಅರ್ಧ ಜೀವ ಬರುತ್ತದೆ. ಉಳಿದರ್ಧ ಹೆಡ್ಡಿನ ಪಕ್ಕದ ಸ್ಕ್ರೂವಿನಲ್ಲಿದೆ. ಹೆಡ್ಡನ್ನು ಎರಡು ಸ್ಕ್ರೂಗಳು ಹಿಡಿದಿವೆ. ಒಂದು ಗಟ್ಟಿಯಾಗಿ ಕೂತಿದೆ, ಇನ್ನೊಂದರ ಕೆಳಗೆ ಪುಟ್ಟ ಸ್ಪ್ರಿಂಗ್ ಇದೆ. ಸ್ಪ್ರಿಂಗ್ ಇರುವುದನ್ನು ತಿರುಗಿಸಿದರೆ ಟೇಪಿಗೆ ಎದುರಾಗಿ ಹೆಡ್ ವಾಲುವ ಕೋನ ಬದಲಾಗುತ್ತದೆ. ಸೆಕೆಂಡಿಗೆ 4.76 ಸೆಂಟಿಮೀಟರ್ ಸಾಗುವ ಟೇಪಿನಲ್ಲಿ 10,000 ಹರ್ಟ್ಸ್ ಸ್ವರದ ಒಂದು ಅಲೆ ಹಿಡಿಯುವ ಜಾಗ ಮಿಲಿಮೀಟರಿನ ಇನ್ನೂರನೇ ಒಂದು ಭಾಗಕ್ಕಿಂತ ಕಡಿಮೆ. ಕೋನ ಚೂರು ತಪ್ಪಿದರೆ ಅಷ್ಟು ಸಣ್ಣ ಅಲೆ ಹೆಡ್ಡಿಗೆ ಸಿಗದೆ ಹೋಗುತ್ತದೆ, ತಾಳದ ಝಣಝಣ ಮಾಯವಾಗಿ ಹಾಡು ಕಂಬಳಿಯೊಳಗಿನಿಂದ ಬರುತ್ತದೆ. ಕ್ಯಾಸೆಟ್ ಓಡುತ್ತಿರುವಾಗಲೇ ಸ್ಕ್ರೂವನ್ನು ಅತ್ತ ತುಸು, ಇತ್ತ ತುಸು ತಿರುಗಿಸುತ್ತಾ ಕಿವಿಗೊಟ್ಟರೆ, ಒಂದು ಬಿಂದುವಿನಲ್ಲಿ ತಾಳ ಥಟ್ಟನೆ ತೆರೆದುಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ, ಸ್ಕ್ರೂವಿನ ತಲೆಗೆ ಒಂದು ಹನಿ ಉಗುರು ಬಣ್ಣ. ಈ ಕೆಲಸಕ್ಕೆ ತುದಿಯಲ್ಲಿ ಅಯಸ್ಕಾಂತವಿರುವ ಸ್ಕ್ರೂಡ್ರೈವರ್ ಬೇಡ, ಹೆಡ್ಡಿಗೂ ಟೇಪಿಗೂ ಕೇಡು.

ಟೇಪಿನ ಆಯ್ಕೆಯ ಬಗ್ಗೆ ಒಂದು ಮಾತು. ಸಿ-60 ಅಥವಾ ಸಿ-90 ಸಾಕು. ಎರಡು ಗಂಟೆಯ ಸಿ-120 ಅದೇ ಚಿಪ್ಪಿನಲ್ಲಿ ಹಿಡಿಸಬೇಕಾದ್ದರಿಂದ ಅದರ ಟೇಪು ತೀರಾ ತೆಳು. ಬೆಲ್ಟ್ ಎಷ್ಟು ಹೊಸದಾಗಿದ್ದರೂ ಅಂಥ ಟೇಪನ್ನು ಈ ಯಂತ್ರಕ್ಕೆ ಹಾಕಲು ನನಗೆ ಧೈರ್ಯವಿಲ್ಲ.

ಸಿಡಿಯ ವಿಷಯಕ್ಕೆ ಬರೋಣ. ಒಳ್ಳೆಯ ಸ್ಥಿತಿಯಲ್ಲಿದ್ದಾಗ ಅದರ ಸದ್ದಿಗೆ ಕ್ಯಾಸೆಟ್ ಸಮವಲ್ಲ, ಒಪ್ಪಿದೆ. ಆದರೆ ಕೆಟ್ಟಾಗ ನಮಗೆ ಉಳಿಯುವ ದಾರಿಗಳು ಕೆಲವೇ. ಮೊದಲನೆಯದು ಲೆನ್ಸಿನ ಮೇಲಿನ ಧೂಳು: ಗಾಳಿ ಊದುವ ರಬ್ಬರ್ ಬುಗ್ಗೆ, ಅದಕ್ಕೂ ಜಗ್ಗದಿದ್ದರೆ ಆಲ್ಕೊಹಾಲ್ ತಾಗಿಸಿದ ಹತ್ತಿ, ಅದೂ ಒತ್ತದೆ. ಲೆನ್ಸ್ ನಾಜೂಕಾದ ಕಟ್ಟಿನಲ್ಲಿ ತೂಗಿಕೊಂಡಿರುತ್ತದೆ. ಲೇಸರ್ ಬೆಳಕು 780 ನ್ಯಾನೊಮೀಟರಿನದು, ಕಣ್ಣಿಗೆ ಬಹುತೇಕ ಕಾಣದ್ದು. ಮುಚ್ಚಳ ತೆರೆದಾಗ ಅದನ್ನು ಆರಿಸಲು ಒಂದು ಪುಟ್ಟ ಸ್ವಿಚ್ ಇದೆ. ಆ ಸ್ವಿಚ್ಚನ್ನು ಕಡ್ಡಿಯಿಂದ ಒತ್ತಿಹಿಡಿದು ಲೆನ್ಸಿನೊಳಗೆ ಇಣುಕುವ ಚಾಳಿ ಕೆಲವರಿಗಿದೆ. ಕಣ್ಣು ಬೇಕಾದವರು ಹಾಗೆ ಮಾಡಬಾರದು. ಅದೇ ಸ್ವಿಚ್ಚಿನ ಸಂಪರ್ಕ ಕಿಲುಬಿದರೂ ಡಿಸ್ಕ್ ತಿರುಗುವುದಿಲ್ಲ, ಎಲ್ಲರೂ ಲೇಸರಿನ ಮೇಲೆ ಅನುಮಾನ ಪಡುತ್ತಾರೆ.

ಎರಡನೆಯದು ಗ್ರೀಸ್. ಸಿಡಿ ಒಳಸುತ್ತಿನಿಂದ ಶುರುವಾಗಿ ಹೊರಗಿನ ಅಂಚಿನತ್ತ ಓದಿಸಿಕೊಳ್ಳುತ್ತದೆ. ಲೇಸರ್ ಘಟಕ ಒಂದು ಉಕ್ಕಿನ ಕಂಬಿಯ ಮೇಲೆ ಸಣ್ಣ ಹಲ್ಲುಚಕ್ರಗಳ ನೆರವಿನಿಂದ ಜಾರುತ್ತದೆ. ವರ್ಷಗಳು ಕಳೆದಂತೆ ಅಲ್ಲಿನ ಗ್ರೀಸ್ ಗಟ್ಟಿಯಾಗುತ್ತದೆ. ಮೊದಲ ಹಾಡುಗಳು ಚೆನ್ನಾಗಿದ್ದು, ಎಲ್ಲ ಡಿಸ್ಕುಗಳಲ್ಲೂ ಒಂದೇ ಜಾಗಕ್ಕೆ ಬಂದಾಗ ತಡವರಿಸಿದರೆ ಕಂಬಿಯನ್ನು ನೋಡಬೇಕು. ಹಳೆಯದನ್ನು ಒರೆಸಿ, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಗ್ರೀಸನ್ನು ತೆಳುವಾಗಿ ಸವರಿದ ಮೇಲೆ ನನ್ನ ಯಂತ್ರ ಬಹಳ ಕಾಲ ತಕರಾರು ತೆಗೆಯಲಿಲ್ಲ.

ಮೂರನೆಯದು ಲೇಸರ್. ನಾನೇ ಬರೆದುಕೊಂಡ ಡಿಸ್ಕುಗಳನ್ನು ಅದು ಮೊದಲು ನಿರಾಕರಿಸಿತು, ಅಂಗಡಿಯ ಡಿಸ್ಕುಗಳನ್ನು ಓದುತ್ತಲೇ ಇತ್ತು. ಮತ್ತೆ ಮತ್ತೆ ಬರೆಯಬಹುದಾದ ಡಿಸ್ಕುಗಳು ಅಚ್ಚೊತ್ತಿದವುಗಳಿಗಿಂತ ಬಹಳ ಕಡಿಮೆ ಬೆಳಕನ್ನು ಮರಳಿಸುತ್ತವೆ, ಬಲ ಕುಗ್ಗಿದ ಲೇಸರಿಗೆ ಅವು ಮೊದಲು ಕಾಣದಾಗುತ್ತವೆ. ಆಗ ರಿಪೇರಿಯವರ ಬಳಿ ಒಯ್ದೆ. ಅವರು ಲೇಸರ್ ಘಟಕದ ಬದಿಯ ಪುಟ್ಟ ತಿರುಪನ್ನು ತಿರುಗಿಸಿ, “ನೋಡಿ ಸಾರ್, ಹೊಸದರ ಹಾಗೆ ಓದುತ್ತದೆ” ಎಂದು ಕೈಗೆ ಕೊಟ್ಟರು. ಓದಿತು, ಕೆಲವು ವಾರ. ಆ ತಿರುಪು ಲೇಸರಿಗೆ ಹೋಗುವ ವಿದ್ಯುತ್ತನ್ನು ಹೆಚ್ಚಿಸುತ್ತದೆ. ಮುದಿಯಾದ ಲೇಸರಿನ ಉಳಿದ ಆಯುಷ್ಯವನ್ನು ಬೇಗ ಸುಡುವ ಉಪಾಯ ಅದು. ಹಾಗೆಂದು ಹೇಳಿ ಮಾಡಿದ್ದರೆ ಬೇಸರವಿರಲಿಲ್ಲ.

ಕಡೆಗೆ ಘಟಕವನ್ನೇ ಬದಲಿಸಬೇಕಾಯಿತು. ಬೆನ್ನಿಗೆ ಅಂಟಿಸಿದ ಚೀಟಿಯ ಸಂಖ್ಯೆ ನೋಡಿ ಅದೇ ಸಂಖ್ಯೆಯದನ್ನು ತರಿಸಿದೆ. ಹಲವು ಹೊಸ ಘಟಕಗಳಲ್ಲಿ, ಸ್ಥಿರ ವಿದ್ಯುತ್ತಿನಿಂದ ಲೇಸರ್ ಸಾಯದಿರಲೆಂದು, ಎರಡು ತಾಮ್ರದ ಚುಕ್ಕೆಗಳನ್ನು ಬೆಸುಗೆಯ ಹನಿಯಿಂದ ಜೋಡಿಸಿರುತ್ತಾರೆ. ಚಪ್ಪಟೆ ಕೇಬಲ್ ಸಿಕ್ಕಿಸಿದ ಬಳಿಕ ಆ ಹನಿಯನ್ನು ಕಾಯಿಸಿ ತೆಗೆಯಲೇಬೇಕು. ತೆಗೆಯದಿದ್ದರೆ ಹೊಚ್ಚಹೊಸ ಲೇಸರ್ ಕೂಡ ಉರಿಯುವುದಿಲ್ಲ, ಅದೇ ‘ಡಿಸ್ಕ್ ಇಲ್ಲ’. ಬಿಡಿಭಾಗ ಸಿಗುವ ತನಕ ಮಾತ್ರ ಈ ದಾರಿ. ಬೆಲ್ಟನ್ನು ಯಾರು ಬೇಕಾದರೂ ಮಾಡಬಹುದು, ಲೇಸರನ್ನು ಹಾಗೆ ಮಾಡಲಾಗದು. ಕಡಿಮೆ ಬಿದ್ದ ನಕ್ಷತ್ರಗಳ ಲೆಕ್ಕ ಅಷ್ಟೇ.

ಉಳಿದವು ಸಣ್ಣ ರಗಳೆಗಳು. ಕರಕರ ಎನ್ನುವ ವಾಲ್ಯೂಮಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಗುಂಡಿಯನ್ನು ಹಲವು ಸಲ ಪೂರ್ತಿ ತಿರುಗಿಸಿದರೆ ಮುಗಿಯಿತು. ಬಳಸದಿರುವಾಗ ಸೆಲ್ಲುಗಳನ್ನು ಗೂಡಿನಲ್ಲಿ ಬಿಡಬಾರದು. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಕ್ಷಾರ; ಸ್ಪ್ರಿಂಗಿಗೆ ಹತ್ತಿದ ಬಿಳಿ ಹೊಪ್ಪಳೆಗೆ ವಿನೆಗರ್ ತಾಗಿಸಿ ಕರಗಿಸಿ, ಒರೆಸಿ, ಒಣಗಿಸಬೇಕು.

ಈಗ ಹೊಸದಾಗಿ ಬರುತ್ತಿರುವ ಕ್ಯಾಸೆಟ್–ಸಿಡಿ ಪ್ಲೇಯರ್ ಕೊಳ್ಳಲೇ ಎಂದು ಕೇಳುವವರಿಗೆ: ಅವುಗಳಲ್ಲಿ ಹೆಚ್ಚಿನವುಗಳ ಕ್ಯಾಸೆಟ್ ಯಂತ್ರಭಾಗ ಜಪಾನಿನ ತನಾಶಿನ್ ಕಂಪನಿಯ ಹಳೆಯ ಸರಳ ವಿನ್ಯಾಸದ ನಕಲು. ಫ್ಲೈವೀಲ್ ಹಗುರ, ಹಾಡು ತೂಗುತ್ತದೆ. ಸ್ಕ್ರೂ ಇರುವ, ಗಟ್ಟಿಮುಟ್ಟಾದ ಹಳೆಯದು ಸಿಕ್ಕರೆ ಅದನ್ನೇ ಆರಿಸಿ. ನೋಡಲು ಹೋಗುವಾಗ ಒಂದು ಕ್ಯಾಸೆಟ್ಟನ್ನೂ ತುಂಬಿದ ಒಂದು ಸಿಡಿಯನ್ನೂ ಜೊತೆಗೆ ಒಯ್ಯಿರಿ. ಕ್ಯಾಸೆಟ್ಟನ್ನು ಕೊನೆಯವರೆಗೆ ರಿವೈಂಡ್ ಮಾಡಿಸಿ. ಏದುಸಿರು ಬಿಟ್ಟರೆ ಚಿಂತೆಯಿಲ್ಲ, ಬೆಲ್ಟ್ ಹಾಕಿಸಿದರಾಯಿತು. ಸಿಡಿಯಲ್ಲಿ ಮೊದಲ ಹಾಡನ್ನು ಕೇಳಿಸಿ ಮಾರುವವರು ಸಾಮಾನ್ಯ. ನೀವು ಕೊನೆಯ ಹಾಡನ್ನು ಹಾಕಿಸಿ, ಪೂರ್ತಿ ಕೇಳಿ.