ಆ ಹಸಿರು ತ್ರಿಕೋನ ನೋಡಿ ಮೋಸ ಹೋಗಬೇಡಿ

ಎಕ್ಸೆಲ್‌ನಲ್ಲಿ ಬ್ಯಾಂಕ್ ಖಾತೆ ಸಂಖ್ಯೆ ತುಂಬುವ ಕೆಲಸ ನಿಮ್ಮ ಕೊರಳಿಗೆ ಬಿದ್ದಿದ್ದರೆ ಇದನ್ನು ಓದಿ. ಸಂಘದ್ದೋ, ಅಪಾರ್ಟ್‌ಮೆಂಟಿನದ್ದೋ, ಶಾಲೆಯದ್ದೋ, ಯಾವ ಪಟ್ಟಿಯಾದರೂ ಸರಿ. ನಾನು ಮಾಡಿದ ಎಡವಟ್ಟು ಒಂದೇ ಕ್ಲಿಕ್ಕಿನದು. ಅದರ ಹಿಂದೆ ಎರಡೂವರೆ ತಿಂಗಳು ಓಡಾಡಿದ್ದೇನೆ.

ನಮ್ಮೂರಿನಲ್ಲಿ ಅಡಿಕೆ ಬೆಳೆಗಾರರದ್ದು ಒಂದು ಸಣ್ಣ ಗುಂಪಿದೆ. 186 ಜನ. ವರ್ಷದ ಕೊನೆಗೆ ಉಳಿದ ದುಡ್ಡನ್ನು ಸದಸ್ಯರಿಗೆ ಹಂಚುತ್ತೇವೆ. ಕಂಪ್ಯೂಟರ್ ಗೊತ್ತಿರುವವನು ಅಂತ ಪಟ್ಟಿ ಮಾಡುವ ಕೆಲಸ ನನಗೇ ಅಂಟಿಕೊಂಡಿತು. ಪಾಸ್‌ಬುಕ್ಕಿನ ಫೋಟೊಗಳನ್ನು ವಾಟ್ಸಾಪಿಗೆ ತರಿಸಿಕೊಂಡೆ. ಹೆಂಡತಿ ಓದಿ ಹೇಳಿದಳು, ನಾನು ಕುಟ್ಟಿದೆ. ಎರಡೆರಡು ಸಲ ತಾಳೆ ನೋಡಿದೆವು. ಯಾರೋ ಹೇಳಿದ್ದರು ಅಂತ ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ (ಅಂದರೆ ಲೆಕ್ಕದ ಸಂಖ್ಯೆಯಲ್ಲ, ಬರೀ ಬರಹ) ಅಂತ ಮಾಡಿಕೊಂಡಿದ್ದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಆಮೇಲೆ ನೋಡಿದರೆ ಪ್ರತಿ ಸಂಖ್ಯೆಯ ಎಡಮೂಲೆಯಲ್ಲೂ ಒಂದು ಪುಟ್ಟ ಹಸಿರು ತ್ರಿಕೋನ. ಅದರ ಪಕ್ಕ ಹೋದರೆ ಹಳದಿ ಎಚ್ಚರಿಕೆ ಗುರುತು. ಒತ್ತಿದರೆ ‘ನಂಬರ್ ಸ್ಟೋರ್ಡ್ ಆ್ಯಸ್ ಟೆಕ್ಸ್ಟ್’ ಅನ್ನುತ್ತೆ. ಅದರ ಕೆಳಗೇ ‘ಕನ್ವರ್ಟ್ ಟು ನಂಬರ್’ ಅಂತ ಮದ್ದನ್ನೂ ತೋರಿಸುತ್ತೆ. ತಪ್ಪಾಗಿದೆ ಅಂತ ಅದೇ ಹೇಳುತ್ತಿದೆ, ಸರಿಮಾಡ್ತೀನಿ ಅಂತಲೂ ಅದೇ ಹೇಳುತ್ತಿದೆ, ಇನ್ನೇನು ಬೇಕು? ಇಡೀ ಕಾಲಂ ಆರಿಸಿ ಒತ್ತಿಬಿಟ್ಟೆ. ತ್ರಿಕೋನಗಳು ಮಾಯ. ಕೆಲವು ಸಂಖ್ಯೆಗಳು 1.23457ಇ+15 ಅಂತ ವಿಚಿತ್ರವಾಗಿ ಕಂಡವು. ಫಾರ್ಮ್ಯಾಟ್ ಅನ್ನು ‘ನಂಬರ್’ ಮಾಡಿ, ದಶಮಾಂಶ ತೆಗೆದೆ. ಪೂರ್ತಿ 16 ಅಂಕಿ ಮತ್ತೆ ಕಂಡಿತು. ಸಮಾಧಾನದಿಂದ ಫೈಲನ್ನು ಬ್ಯಾಂಕಿಗೆ ಕಳಿಸಿ ಊಟಕ್ಕೆ ಎದ್ದೆ.

ಎರಡು ದಿನ ಬಿಟ್ಟು ಫೋನ್ ಮೇಲೆ ಫೋನ್. ಒಂದಷ್ಟು ಜನರಿಗೆ ದುಡ್ಡು ಬಂದಿಲ್ಲ, ವಾಪಸ್ ಆಗಿದೆ. ಹೀಗೆ ವಾಪಸಾಗಿದ್ದು ಹೆಚ್ಚುಕಡಿಮೆ ಎಲ್ಲವೂ ಒಂದೇ ಬ್ಯಾಂಕಿನ ಖಾತೆಗಳು. ಸಹಜವಾಗಿ ಆ ಬ್ಯಾಂಕಿನವರನ್ನು ಬೈದುಕೊಂಡೆ. ಆದರೆ ಅದೇ ಬ್ಯಾಂಕಿನ ನಾಲ್ಕು ಜನರಿಗೆ ದುಡ್ಡು ಸರಿಯಾಗಿ ಸೇರಿತ್ತು. ಆ ನಾಲ್ಕನ್ನು ಪಕ್ಕಪಕ್ಕ ಬರೆದುಕೊಂಡು ನೋಡಿದಾಗ ಹೊಟ್ಟೆ ತಣ್ಣಗಾಯಿತು. ನಾಲ್ಕೂ ಸೊನ್ನೆಯಲ್ಲಿ ಕೊನೆಯಾಗುವ ಖಾತೆಗಳು. ಮಿಕ್ಕ 37 ಜನರ ಸಂಖ್ಯೆಗಳೂ ನನ್ನ ಶೀಟಿನಲ್ಲಿ ಈಗ ಸೊನ್ನೆಯಲ್ಲೇ ಕೊನೆಯಾಗುತ್ತಿದ್ದವು. ಪಾಸ್‌ಬುಕ್ಕಿನಲ್ಲಿ ಮಾತ್ರ ಹಾಗಿರಲಿಲ್ಲ.

ವಿಷಯ ಇಷ್ಟೇ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಯನ್ನಷ್ಟೇ ನೆನಪಿಟ್ಟುಕೊಳ್ಳುತ್ತೆ. 16ನೆಯ ಅಂಕಿ ಏನೇ ಇರಲಿ, ಸೊನ್ನೆ ಮಾಡುತ್ತೆ. 1234567890123456 ಅನ್ನುವುದು 1234567890123450 ಆಗುತ್ತೆ. ಒಮ್ಮೆ ಹೋದ ಅಂಕಿ ಫಾರ್ಮ್ಯಾಟ್ ಬದಲಿಸಿದರೂ ವಾಪಸ್ ಬರಲ್ಲ. ಫೈಲ್ ಸೇವ್ ಮಾಡಿ ಮುಚ್ಚಿದ ಮೇಲೆ ‘ಅನ್‌ಡು’ ಕೂಡ ಇಲ್ಲ. ಸೊನ್ನೆಯಿಂದ ಶುರುವಾಗುವ ಏಳು ಖಾತೆಗಳದ್ದು ಇನ್ನೊಂದು ಕಥೆ: ಅವುಗಳ ಮುಂದಿನ ಸೊನ್ನೆಯೇ ಹಾರಿಹೋಗಿತ್ತು.

1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ಮಾಡಿದಾಗಿನಿಂದ ಸ್ಪ್ರೆಡ್‌ಶೀಟ್ ಅಂದರೆ ಕೂಡಿ ಕಳೆಯುವ ಯಂತ್ರ. 1983ರಲ್ಲಿ ಲೋಟಸ್ 1-2-3 ಬಂತು, 1985ರಲ್ಲಿ ಮ್ಯಾಕ್‌ಗೆ ಎಕ್ಸೆಲ್ ಬಂತು, ಬುದ್ಧಿ ಅದೇ. ಅಂಕಿ ಕಂಡರೆ ಲೆಕ್ಕಕ್ಕೆ ಅಂದುಕೊಳ್ಳುತ್ತೆ. ಖಾತೆ ಸಂಖ್ಯೆಯನ್ನು ಯಾರಾದರೂ ಕೂಡಿಸುತ್ತಾರಾ? ಅದು ಹೆಸರಿದ್ದ ಹಾಗೆ. ಹಳೆಯ ಹಣೆಬರಹ ಎಷ್ಟು ಗಟ್ಟಿ ಅಂದರೆ, 1900ನೇ ಇಸವಿಗೆ ಫೆಬ್ರವರಿ 29 ಇತ್ತು ಅಂತ ಲೋಟಸ್ ಮಾಡಿದ ತಪ್ಪನ್ನು ಎಕ್ಸೆಲ್ ಬೇಕಂತಲೇ ನಕಲು ಮಾಡಿತು. ಲೋಟಸ್ ಫೈಲುಗಳು ತೆರೆಯಬೇಕಲ್ಲ! ಇವತ್ತಿಗೂ ಆ ಇಲ್ಲದ ದಿನ ಅದರಲ್ಲಿ ಇದೆ.

ದಿನಾಂಕದ ಹುಚ್ಚಂತೂ ಕೇಳಲೇಬೇಡಿ. ಪಹಣಿ ನೋಡಿ ಸರ್ವೆ ನಂಬರ್ 12/3 ಅಂತ ಹೊಡೆದೆ. ಎಂಟರ್ ಒತ್ತಿದ್ದೇ ತಡ, 12-ಮಾರ್ಚ್. ಗುಂಪಿನ ಆಫೀಸಿನ ಕಂಪ್ಯೂಟರಿನಲ್ಲಿ ಅದನ್ನೇ ಹೊಡೆದರೆ 3-ಡಿಸೆಂಬರ್, ಯಾಕಂದರೆ ಅದರ ಸೆಟ್ಟಿಂಗ್ ಅಮೆರಿಕದ್ದು. 2/45 ಹೊಡೆದರೆ ಫೆಬ್ರವರಿ 1945. ಆಮೇಲೆ ಬುದ್ಧಿ ಬಂದು ‘ಟೆಕ್ಸ್ಟ್’ ಮಾಡಿದರೆ 12/3 ಬರುತ್ತೆ ಅಂದುಕೊಂಡೆ. ಬಂದಿದ್ದು 45728. ಅಂದರೆ 1900ರ ಜನವರಿ 1ರಿಂದ ಎಣಿಸಿದರೆ 2025ರ ಮಾರ್ಚ್ 12 ಎಷ್ಟನೇ ದಿನವೋ ಆ ಲೆಕ್ಕ (ಆ ಇಲ್ಲದ ದಿನವನ್ನೂ ಸೇರಿಸಿ!). ನಮ್ಮ ಸದಸ್ಯರ ಗುರುತಿನ ಚೀಟಿಯಲ್ಲಿ ಒಬ್ಬ ಅಜ್ಜಿಯ ತೋಟಕ್ಕೆ ಇವತ್ತಿಗೂ ‘12-ಮಾರ್ಚ್’ ಅಂತಲೇ ಅಚ್ಚಾಗಿದೆ.

ವಿಜ್ಞಾನಿಗಳೇ ಇದಕ್ಕೆ ಸೋತಿದ್ದಾರೆ. ಮಾರ್ಚ್1, ಸೆಪ್ಟ್2 ಅಂತ ಮನುಷ್ಯರ ಜೀನ್‌ಗಳಿಗೆ ಹೆಸರಿತ್ತು. ಎಕ್ಸೆಲ್ ಅವನ್ನು ತಾರೀಕು ಮಾಡಿ ಸಂಶೋಧನಾ ಲೇಖನಗಳ ಪಟ್ಟಿಗಳನ್ನು ಕೆಡಿಸುತ್ತಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ಮೈಕ್ರೋಸಾಫ್ಟ್ 2023ರಲ್ಲಿ ಈ ತಾನಾಗೇ ಬದಲಿಸುವ ಚಟ ನಿಲ್ಲಿಸಲು ‘ಆಪ್ಷನ್ಸ್’ ಒಳಗೆ ‘ಡೇಟಾ’ ಭಾಗದಲ್ಲಿ ಗುಂಡಿಗಳನ್ನು ಕೊಟ್ಟಿತು. ಹಳೇ ಆವೃತ್ತಿಯಲ್ಲಿ ಅವು ಸಿಗಲ್ಲ. ಸಿಕ್ಕರೂ 12/3 ಥರದ್ದಕ್ಕೆ ಅದನ್ನೇ ನಂಬಿಕೊಂಡು ಕೂರಬೇಡಿ.

ಹಾಗಾಗಿ ಟೈಪ್ ಮಾಡುವ ಮೊದಲೇ ಕಾಲಂ ಆರಿಸಿ, ಕಂಟ್ರೋಲ್ ಜೊತೆ 1 ಒತ್ತಿ, ‘ಟೆಕ್ಸ್ಟ್’ ಮಾಡಿ. ಒಂದೆರಡೇ ಇದ್ದರೆ ಸಂಖ್ಯೆಯ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಿದರೂ ಸಾಕು. ಹಸಿರು ತ್ರಿಕೋನ ಬಂದರೆ ಬರಲಿ, ಇಲ್ಲಿ ಅದು ಒಳ್ಳೆಯ ಲಕ್ಷಣ. ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬರೆದ ಸಾದಾ ಪಟ್ಟಿ) ಕೈಗೆ ಬಂದರೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, ‘ಡೇಟಾ’ ಮೆನುವಿನಿಂದ ತಂದು ಕಾಲಂ ಟೆಕ್ಸ್ಟ್ ಇರಲಿ ಅಂತ ಹೇಳಿ. ಇ+15 ಅಂತ ಕಾಣುವಾಗ ಸಿಎಸ್‌ವಿಗೆ ಸೇವ್ ಮಾಡಿದಿರೋ, ಕಣ್ಣಿಗೆ ಕಂಡಿದ್ದೇ ಫೈಲಿಗೂ ಹೋಗುತ್ತೆ. ಆಗ ಒಂದಲ್ಲ, ಹತ್ತು ಅಂಕಿ ಕಳೆದುಕೊಳ್ಳುತ್ತೀರಿ.

ಇನ್ನೊಂದು ಹಳ್ಳ ಇದೆ, ಎರಡನೇ ಸಲ ಪಟ್ಟಿ ಮಾಡುವಾಗ ಅದಕ್ಕೆ ಬಿದ್ದೆ. ಎಲ್ಲವೂ ಟೆಕ್ಸ್ಟ್ ಆಗಿಯೇ ಇದ್ದರೂ, ಒಂದೇ ಸಂಖ್ಯೆ ಎರಡು ಸಲ ಬಂದಿದೆಯಾ ಅಂತ ಕೌಂಟ್‌ಇಫ್ ಅನ್ನುವ ಎಣಿಸುವ ಸೂತ್ರ ಹಾಕಿದರೆ ಅದು ಒಳಗೊಳಗೇ ಸಂಖ್ಯೆ ಮಾಡಿಕೊಂಡು 15 ಅಂಕಿಯನ್ನಷ್ಟೇ ಹೋಲಿಸುತ್ತೆ. ಒಂದೇ ದಿನ ಖಾತೆ ತೆರೆದ ಗಂಡ ಹೆಂಡತಿಯ ಸಂಖ್ಯೆಗಳಲ್ಲಿ ಕೊನೆಯ ಅಂಕಿ ಮಾತ್ರ ಬೇರೆ. ಎರಡೂ ಒಂದೇ ಅಂತ ತೋರಿಸಿತು. ನಾನು ಹೆಂಡತಿಯದ್ದನ್ನು ಅಳಿಸುವವನಿದ್ದೆ. ಎರಡು ಸೆಲ್‌ಗಳ ನಡುವೆ ಬರೀ ಸಮ ಚಿಹ್ನೆ ಹಾಕಿ ಹೋಲಿಸಿ, ಅದು ಸರಿಯಾಗಿ ಹೇಳುತ್ತೆ.

37ರಲ್ಲಿ 36 ಜನರ ದುಡ್ಡು ವಾಪಸ್ ಬಂತು, ಮತ್ತೆ ಹಾಕಿದೆವು. ಒಂದು ಮಾತ್ರ ಸೊನ್ನೆಯಲ್ಲಿ ಕೊನೆಯಾಗುವ ಬೇರೆ ಯಾರದ್ದೋ ಖಾತೆಗೆ ಹೋಗಿ ಕೂತಿತು. ನೆಫ್ಟ್‌ನಲ್ಲಿ ದುಡ್ಡು ಜಮೆ ಆಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಬ್ಯಾಂಕಿನವರ ತಪ್ಪೇನೂ ಇಲ್ಲ, ನಾನು ಕೊಟ್ಟ ಸಂಖ್ಯೆಗೇ ಹಾಕಿದ್ದಾರೆ. 8,400 ರೂಪಾಯಿ. ಅರ್ಜಿ ಕೊಟ್ಟು, ಅಲೆದು, ಅವರ ಮನೆಗೇ ಹೋಗಿ ಕಾಫಿ ಕುಡಿದು ಕೇಳಿಕೊಂಡ ಮೇಲೆ 5,000 ಕೊಟ್ಟರು. ಮಿಕ್ಕಿದ್ದು ನನ್ನ ಜೇಬಿನಿಂದ ಹೋಯಿತು.