ಸರಸ್ವತಿಪುರಂನ ಸಂಜೆ ತರಗತಿಯಲ್ಲಿ ಫ್ರೇಸಲ್ ವರ್ಬ್ ಕಲಿತ ಎಂಟು ವಾರ

ಕಳೆದ ಮಳೆಗಾಲದಲ್ಲಿ ಮೈಸೂರಿನ ಹೂಟಗಳ್ಳಿಯ ನಮ್ಮ ಕಾರ್ಖಾನೆಗೆ ಬರಬೇಕಿದ್ದ ತಪಾಸಣೆಯ ತಂಡವು ಎರಡು ದಿನ ತಡವಾಗಿ ಬರುವುದಾಗಿ ತಿಳಿಸಿತು. ಅದನ್ನು ಸರಕು ಪೂರೈಸುವವರಿಗೆ ಇಂಗ್ಲಿಷಿನಲ್ಲಿ ಬರೆದು ತಿಳಿಸುವ ಕೆಲಸ ನನ್ನದಾಗಿತ್ತು. ‘ದಿ ಇನ್‌ಸ್ಪೆಕ್ಷನ್ ಹ್ಯಾಸ್ ಬೀನ್ ಕಾಲ್ಡ್ ಆಫ್’ ಎಂದು ಬರೆದೆ. ಮುಂದಕ್ಕೆ ಹೋಗಿದೆ ಎಂಬುದು ನನ್ನ ಮನಸ್ಸಿನಲ್ಲಿದ್ದ ಅರ್ಥ. ರದ್ದಾಗಿದೆ ಎಂಬುದು ವಾಕ್ಯದಲ್ಲಿದ್ದ ಅರ್ಥ. ಅವರು ಲಾರಿಯನ್ನು ಕಳುಹಿಸಲೇ ಇಲ್ಲ. ‘ಕಾಲ್ಡ್’ ಇದ್ದ ಜಾಗದಲ್ಲಿ ‘ಪುಟ್’ ಎಂದಿದ್ದರೆ ಸಾಕಿತ್ತು. ಒಂದು ಪದದ ತಪ್ಪು ಇಷ್ಟು ದುಬಾರಿಯಾಗಬಲ್ಲದು ಎಂದು ಅರಿತ ಮೇಲೆ ನಾನು ಫ್ರೇಸಲ್ ವರ್ಬ್‌ಗಳನ್ನು, ಅಂದರೆ ‘ಆಫ್’, ‘ಅಪ್’ನಂಥ ಚಿಕ್ಕ ಪದ ಸೇರಿ ಬೇರೆಯೇ ಅರ್ಥ ಕೊಡುವ ಇಂಥ ಕ್ರಿಯಾಪದಗಳನ್ನು, ಕಲಿಸುವ ಸರಸ್ವತಿಪುರಂನ ಈ ತರಗತಿಗೆ ಸೇರಿದೆ.

ಕುಕ್ಕರಹಳ್ಳಿ ಕೆರೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇದನ್ನು ನಡೆಸುತ್ತಾರೆ. ನಾಮಫಲಕವಿಲ್ಲ. ವಾರಕ್ಕೆ ಎರಡು ಸಂಜೆ ಒಂದೂವರೆ ಗಂಟೆಯಂತೆ ಎಂಟು ವಾರಗಳ ಪಾಠಕ್ಕೆ 1,800 ರೂಪಾಯಿ ಶುಲ್ಕ. ನಮ್ಮ ತಂಡದಲ್ಲಿ ಹದಿನಾಲ್ಕು ಮಂದಿಯಿದ್ದೆವು: ನರ್ಸಿಂಗ್ ಓದುವ ಹುಡುಗಿಯರು, ಪ್ರವಾಸಿಗರನ್ನು ಅರಮನೆಗೂ ಚಾಮುಂಡಿ ಬೆಟ್ಟಕ್ಕೂ ಕರೆದೊಯ್ಯುವ ಟ್ಯಾಕ್ಸಿ ಚಾಲಕರೊಬ್ಬರು, ಪಾಠ ಮುಗಿದೊಡನೆ ಮಂಡ್ಯದ ರೈಲು ಹಿಡಿಯಲು ಓಡುತ್ತಿದ್ದ ಬ್ಯಾಂಕ್ ಉದ್ಯೋಗಿಯೊಬ್ಬರು.

ಇದಕ್ಕೆ ಮೊದಲು ನಾನು ನಗರದ ಇನ್ನೊಂದು ತರಬೇತಿ ಕೇಂದ್ರಕ್ಕೆ ಒಂದು ತಿಂಗಳು ಹೋಗಿದ್ದೆ. ಅಲ್ಲಿ ಮೊದಲ ದಿನವೇ ಮುನ್ನೂರು ಫ್ರೇಸಲ್ ವರ್ಬ್‌ಗಳ ಪಟ್ಟಿಯನ್ನು ಕೈಗಿತ್ತು, ಎದುರಿಗೆ ಕನ್ನಡ ಅರ್ಥ ಬರೆದುಕೊಂಡು ಬಾಯಿಪಾಠ ಮಾಡಲು ಹೇಳಿದರು. ಪಟ್ಟಿ ತಲೆಯಲ್ಲಿ ಉಳಿಯಿತು, ವಾಕ್ಯ ಬಾಯಿಗೆ ಬರಲಿಲ್ಲ. ಸರಸ್ವತಿಪುರಂನ ಮೇಷ್ಟರು ಎಂಟು ವಾರಗಳಲ್ಲಿ ಕಲಿಸಿದ್ದು ಸುಮಾರು ನಲವತ್ತನ್ನು ಮಾತ್ರ. ಆ ನಲವತ್ತನ್ನು ನಾನು ಇಂದು ಯೋಚಿಸದೆ ಬಳಸುತ್ತೇನೆ.

ಅವರ ಪಾಠ ಆರಂಭವಾಗುವುದು ಕನ್ನಡ ವ್ಯಾಕರಣದಿಂದ. ಪ್ರೌಢಶಾಲೆಯಲ್ಲಿ ನಾವೆಲ್ಲ ಓದಿದ ಕ್ರಿಯಾಸಮಾಸವನ್ನು ಅವರು ಮೊದಲ ಸಂಜೆ ಕಪ್ಪು ಹಲಗೆಯ ಮೇಲೆ ಬರೆದರು: ಕೈಹಿಡಿ, ಕೈಬಿಡು, ಕೈಕೊಡು. ‘ಕೈಕೊಟ್ಟ’ ಎಂದಾಗ ಯಾರೂ ಯಾರಿಗೂ ಕೈಯನ್ನು ಕೊಟ್ಟಿರುವುದಿಲ್ಲ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಿಡಿ ಪದಗಳ ಅರ್ಥವನ್ನು ಕೂಡಿಸಿದರೆ ಇಡಿಯ ಅರ್ಥ ಸಿಗದ ಕ್ರಿಯಾಪದಗಳು ನಮ್ಮಲ್ಲೂ ಇವೆ ಎಂದು ತಿಳಿದ ಕ್ಷಣದಿಂದ ಇಂಗ್ಲಿಷಿನವು ಅಷ್ಟು ಪರಕೀಯವಾಗಿ ಕಾಣಲಿಲ್ಲ. ಆದರೆ ಒಂದಕ್ಕೆ ಒಂದು ಹೊಂದಿಸಿಬಿಡಬಹುದೆಂಬ ಸುಲಭದ ನಂಬಿಕೆಯನ್ನು ಅವರು ಅದೇ ಸಂಜೆ ಮುರಿದರು. ದಾರಿಯಲ್ಲಿ ಸ್ಕೂಟರ್ ಕೈಕೊಟ್ಟರೆ ‘ಬ್ರೇಕ್ ಡೌನ್’, ನಂಬಿದ ಗೆಳೆಯ ಕೈಕೊಟ್ಟರೆ ‘ಲೆಟ್ ಡೌನ್’. ಕನ್ನಡದ ಒಂದು ಮಾತು ಇಂಗ್ಲಿಷಿನಲ್ಲಿ ಎರಡಾಗಿ ಒಡೆಯುತ್ತದೆ. ಹಾಗೆಯೇ ‘ಮಗುವನ್ನು ನೋಡಿಕೊಳ್ಳಿ’ ಎಂಬುದಕ್ಕೆ ‘ಲುಕ್ ಆಫ್ಟರ್’ ಸರಿಹೊಂದುತ್ತದೆ. ‘ಮೆಟ್ಟಿಲಿದೆ, ನೋಡಿಕೊಂಡು ಬನ್ನಿ’ ಎಂಬುದಕ್ಕೆ ಹೊಂದುವುದಿಲ್ಲ, ಅಲ್ಲಿ ‘ವಾಚ್ ಔಟ್’ ಬೇಕು.

ನನಗೆ ಅತ್ಯಂತ ಉಪಯುಕ್ತವೆನಿಸಿದ ಭಾಗವೆಂದರೆ ಸರ್ವನಾಮದ ಸ್ಥಾನ. ‘ಟರ್ನ್ ಆಫ್ ದ ಟ್ಯಾಪ್’ ಎಂದರೂ ಸರಿ, ‘ಟರ್ನ್ ದ ಟ್ಯಾಪ್ ಆಫ್’ ಎಂದರೂ ಸರಿ. ಆದರೆ ನಲ್ಲಿಯನ್ನು ‘ಇಟ್’ ಎಂದು ಕರೆದೊಡನೆ ಅದು ನಡುವೆಯೇ ಕೂರಬೇಕು, ‘ಟರ್ನ್ ಇಟ್ ಆಫ್’ ಎಂದೇ ಹೇಳಬೇಕು. ‘ಟರ್ನ್ ಆಫ್ ಇಟ್’ ಎಂದು ನಾನು ವರ್ಷಗಟ್ಟಲೆ ಹೇಳಿದ್ದೇನೆ. ಇದಕ್ಕೆ ತದ್ವಿರುದ್ಧವಾಗಿ ‘ಲುಕ್ ಆಫ್ಟರ್’ ಒಡೆಯುವುದಿಲ್ಲ, ಆದ್ದರಿಂದ ‘ಲುಕ್ ಆಫ್ಟರ್ ಹರ್’ ಎಂಬುದೊಂದೇ ದಾರಿ. ಸಹಿಸಿಕೊಳ್ಳು ಎಂಬ ಅರ್ಥದ ‘ಪುಟ್ ಅಪ್ ವಿತ್’ನಂಥ ಮೂರು ಪದಗಳವೂ ಒಡೆಯುವುದಿಲ್ಲ: ‘ಐ ಕಾಂಟ್ ಪುಟ್ ಅಪ್ ವಿತ್ ದಿಸ್ ನಾಯ್ಸ್’. ನಿಯಮವನ್ನು ಹೇಳಿ ಸುಮ್ಮನಾಗುವ ಪದ್ಧತಿ ಅಲ್ಲಿಲ್ಲ. ಪ್ರತಿಯೊಬ್ಬರೂ ಅಂದಿನ ತಮ್ಮ ದಿನಚರಿಯಿಂದಲೇ ವಾಕ್ಯವನ್ನು ಕಟ್ಟಿ ಹೇಳಬೇಕು. ಟ್ಯಾಕ್ಸಿ ಚಾಲಕರು ಎರಡನೆಯ ವಾರದಲ್ಲಿ ‘ಐ ವಿಲ್ ಪಿಕ್ ಯು ಅಪ್ ಅಟ್ ಸಿಕ್ಸ್ ಅಂಡ್ ಡ್ರಾಪ್ ಯು ಆಫ್ ಅಟ್ ದ ಪ್ಯಾಲೇಸ್’ ಎಂದು ತಡವರಿಸದೆ ಹೇಳಿದಾಗ ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದೆವು. ಎರಡು ಕಡೆಯೂ ‘ಯು’ ತನ್ನ ಜಾಗದಲ್ಲಿತ್ತು.

ನಾವು ರೂಢಿಯಿಂದ ಮಾಡುವ ತಪ್ಪುಗಳನ್ನು ಮೇಷ್ಟರು ಹೀಗಳೆಯದೆ ತಿದ್ದುತ್ತಾರೆ. ‘ಕೋಪ್ ಅಪ್ ವಿತ್’ನಲ್ಲಿ ‘ಅಪ್’ ಬೇಡ. ‘ಲುಕ್ ಫಾರ್ವರ್ಡ್ ಟು’ ಆದಮೇಲೆ ‘ಮೀಟ್’ ಅಲ್ಲ, ‘ಮೀಟಿಂಗ್’ ಬರಬೇಕು, ಏಕೆಂದರೆ ಅಲ್ಲಿರುವ ‘ಟು’ ಉಪಸರ್ಗವೇ (ಪ್ರಿಪೊಸಿಷನ್) ಹೊರತು ‘ಟು ಮೀಟ್’ನಲ್ಲಿರುವಂತೆ ಮುಂದಿನ ಕ್ರಿಯಾಪದದ ಭಾಗವಲ್ಲ. ಪದವಿ ಮುಗಿಸಿದೆ ಎನ್ನುವುದಕ್ಕೆ ನಾವು ಬಳಸುವ ‘ಪಾಸ್ ಔಟ್’ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಸೈನಿಕ ತರಬೇತಿ ಮುಗಿಸಿದವರ ಬಗ್ಗೆ ಬ್ರಿಟನ್ನಿನಲ್ಲೂ ಸಲ್ಲುತ್ತದೆ. ಉಳಿದಂತೆ ಅಲ್ಲಿನ ದಿನಬಳಕೆಯಲ್ಲಿ ಅದಕ್ಕೆ ಪ್ರಜ್ಞೆ ತಪ್ಪಿತು ಎಂಬ ಅರ್ಥವಿದೆ. ನರ್ಸಿಂಗ್ ಓದುವ ಹುಡುಗಿಯರಿಗೆ ಈ ವ್ಯತ್ಯಾಸವನ್ನು ಅವರು ಒತ್ತಿ ಹೇಳಿದ್ದು ನನಗೆ ಬಹಳ ಹಿಡಿಸಿತು. ಪರಭಾಷಿಕರನ್ನು ಅತಿ ಹೆಚ್ಚು ತೊಡಕಿಗೆ ಸಿಲುಕಿಸುವುದು ಇಂಥ ಜೋಡಿಕ್ರಿಯೆಗಳೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಬರೆದಿದ್ದರು ಎಂಬುದನ್ನೂ ಅವರಿಂದಲೇ ತಿಳಿದೆ. ಆ ಮಾತು ಕೇಳಿ ನನಗೆ ದೊಡ್ಡ ಸಮಾಧಾನವಾಯಿತು.

ಕೊರತೆಗಳೂ ಇವೆ. ಉಚ್ಚಾರಣೆಗೆ ಸಿಕ್ಕ ಸಮಯ ಸಾಲದು. ಕ್ರಿಯಾಪದವಾಗಿ ‘ಬ್ರೇಕ್ ಡೌನ್’ ಎನ್ನುವಾಗ ಒತ್ತು ‘ಡೌನ್’ ಮೇಲೂ, ನಾಮಪದವಾದ ‘ಬ್ರೇಕ್‌ಡೌನ್’ನಲ್ಲಿ ‘ಬ್ರೇಕ್’ ಮೇಲೂ ಬೀಳುತ್ತದೆ ಎಂಬ ಮುಖ್ಯ ವಿಷಯ ಕೊನೆಯ ವಾರದ ಹತ್ತು ನಿಮಿಷಗಳಲ್ಲಿ ಮುಗಿದುಹೋಯಿತು. ಮನೆಗೆಲಸದ ಪುಸ್ತಕಗಳು ತಿದ್ದಿ ಕೈಸೇರಲು ಕೆಲವೊಮ್ಮೆ ವಾರ ಕಳೆಯುತ್ತಿತ್ತು. ಅಷ್ಟರಲ್ಲಿ ಅದೇ ತಪ್ಪನ್ನು ಇನ್ನೂ ನಾಲ್ಕು ಸಲ ಮಾಡಿರುತ್ತಿದ್ದೆವು. ಕಚೇರಿಯ ಪತ್ರದಲ್ಲಿ ಎಲ್ಲಿ ‘ಪುಟ್ ಆಫ್’ ಸಾಕು, ಎಲ್ಲಿ ‘ಪೋಸ್ಟ್‌ಪೋನ್’ ಎಂಬ ಗಂಭೀರ ಪದವೇ ಮೇಲು ಎಂಬ ವಿವೇಚನೆಗೆ ಒಂದು ಪೂರ್ತಿ ಸಂಜೆ ಮೀಸಲಿಟ್ಟಿದ್ದರೆ ನನ್ನಂಥವರಿಗೆ ಹೆಚ್ಚು ಪ್ರಯೋಜನವಾಗುತ್ತಿತ್ತು. ಇದನ್ನು ಮೇಷ್ಟರಿಗೂ ಹೇಳಿದ್ದೇನೆ.

ಪರೀಕ್ಷೆಗಾಗಿ ಬೇಗಬೇಗ ನೂರಾರು ಪದ ಕಲಿಯಬೇಕಾದವರಿಗೆ ಈ ತರಗತಿ ನಿಧಾನವೆನಿಸಬಹುದು. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ಬರೆಯುವಾಗ ಕೈ ತಡೆಯುತ್ತದೆ ಎನ್ನುವವರು ಖಂಡಿತವಾಗಿ ಸೇರಬಹುದು. ಮುಂದಿನ ತಂಡಕ್ಕೆ ನನ್ನ ಸಹೋದ್ಯೋಗಿಗಳಿಬ್ಬರ ಹೆಸರನ್ನು ನಾನೇ ಬರೆಸಿ ಬಂದಿದ್ದೇನೆ.