ಯೀಸ್ಟ್ ಚೆನ್ನಾಗಿದೆ, ಪೊಟ್ಟಣದ ಮೇಲಿನ ಸೂಚನೆಯನ್ನು ನಂಬಬೇಡಿ

ಮೊದಲ ಪೊಟ್ಟಣದ ಯೀಸ್ಟನ್ನು ಕೊಂದವನು ನಾನೇ, ಒಪ್ಪುತ್ತೇನೆ. ಆದರೆ ಉಪಾಯ ಹೇಳಿಕೊಟ್ಟಿದ್ದು ಆ ಪೊಟ್ಟಣವೇ. ಅದರ ಬೆನ್ನಿನ ಮೇಲೆ ‘ಬಿಸಿನೀರಿನಲ್ಲಿ ನೆನೆಸಿ’ ಎಂದಷ್ಟೇ ಇತ್ತು. ಎಷ್ಟು ಬಿಸಿ ಎಂಬ ಮಾತಿಲ್ಲ. ನಾನು ಚಹಾಕ್ಕೆ ಕುದಿಸಿದ ನೀರನ್ನೇ ಸುರಿದೆ. ಹದಿನೈದು ನಿಮಿಷ ಕಾದರೂ ಒಂದು ಗುಳ್ಳೆ ಏಳಲಿಲ್ಲ, ಲೋಟದ ತಳದಲ್ಲಿ ಕಂದು ಗಸಿ ಕುಳಿತಿತ್ತು. 60 ಡಿಗ್ರಿ ದಾಟಿದರೆ ಯೀಸ್ಟ್ ಉಳಿಯುವುದಿಲ್ಲ. ಅದಕ್ಕೆ ಬೇಕಾದದ್ದು 40 ಡಿಗ್ರಿಯ ಆಸುಪಾಸಿನ ಉಗುರುಬೆಚ್ಚಗಿನ ನೀರು.

ಮಾಡಹೊರಟಿದ್ದು ಯೀಸ್ಟ್ ಹಾಕಿದ ಮಜ್ಜಿಗೆ ಬಿಸ್ಕಿಟ್. ಚಹಾದಲ್ಲಿ ಅದ್ದುವ ಗರಿಗರಿ ಬಿಸ್ಕಿಟ್ ಎಂದುಕೊಳ್ಳಬೇಡಿ. ಇದು ಅಮೆರಿಕದ ದಕ್ಷಿಣ ರಾಜ್ಯಗಳ ಮೆತ್ತನೆಯ ಪುಟ್ಟ ಬ್ರೆಡ್. ಅಲ್ಲಿ ಇದನ್ನು ಏಂಜೆಲ್ ಬಿಸ್ಕಿಟ್ ಎನ್ನುತ್ತಾರೆ. ಯೀಸ್ಟ್, ಬೇಕಿಂಗ್ ಪೌಡರ್, ಸೋಡಾ ಮೂರೂ ಬೀಳುವುದರಿಂದ ಕೈ ಪಳಗದವರು ಮಾಡಿದರೂ ಉಬ್ಬುತ್ತದೆ. ಅದಕ್ಕೇ ‘ಮದುಮಗಳ ಬಿಸ್ಕಿಟ್’ ಎಂಬ ಇನ್ನೊಂದು ಹೆಸರು.

ಸತ್ತ ಯೀಸ್ಟನ್ನೇ ಹಿಟ್ಟಿಗೆ ಸುರಿದು ಬೇಯಿಸಿದೆ, ಹಟಕ್ಕೆ. ಉಬ್ಬಿತು! ಮಜ್ಜಿಗೆಯ ಹುಳಿಯೂ ಸೋಡಾವೂ ಸೇರಿ ತಮ್ಮ ಕೆಲಸ ಮಾಡಿದ್ದವು. ಆದರೆ ಒಳಗೆ ಪುಡಿಪುಡಿ, ಬ್ರೆಡ್ಡಿನ ಪರಿಮಳವೇ ಇಲ್ಲ, ಸಂಜೆಯ ಹೊತ್ತಿಗೆ ಗಟ್ಟಿ.

ಎರಡನೆಯ ಪೊಟ್ಟಣಕ್ಕೆ ಬೆರಳಿಟ್ಟು ನೋಡಿ ನೀರು ಹಾಕಿದೆ, ಒಂದು ಚಿಟಿಕೆ ಸಕ್ಕರೆಯನ್ನೂ. ಎಂಟೇ ನಿಮಿಷದಲ್ಲಿ ನೊರೆ ಲೋಟದ ಅರ್ಧಕ್ಕೆ ಬಂತು. ತಣ್ಣನೆಯ ಬೆಣ್ಣೆಯನ್ನು ಮೈದಾದಲ್ಲಿ ಕಾಳುಕಾಳಾಗುವಂತೆ ಉಜ್ಜಿ, ಯೀಸ್ಟನ್ನೂ ದಪ್ಪ ಮಜ್ಜಿಗೆಯನ್ನೂ ಬೆರೆಸಿ, ಹೆಚ್ಚು ನಾದದೆ ಫ್ರಿಜ್ಜಿನಲ್ಲಿಟ್ಟೆ. ಮಜ್ಜಿಗೆ ನೀರಾಗಿದ್ದರೆ ಹಿಟ್ಟು ಕೈಗೆ ಮೆತ್ತಿಕೊಳ್ಳುತ್ತದೆ, ಎಚ್ಚರ. ಬೆಳಿಗ್ಗೆ ಮುಚ್ಚಳ ತೆಗೆದಾಗ ಬಂದ ನವಿರಾದ ಹುಳಿ ವಾಸನೆಗೇ ಹಸಿವಾಯಿತು. ಲಟ್ಟಿಸಿ, ಎರಡು ಸಲ ಮಡಚಿ, ಲೋಟದ ಬಾಯಿಯಿಂದ ಒತ್ತಿ ತೆಗೆದೆ. ಲೋಟವನ್ನು ತಿರುಗಿಸಿದರೆ ಅಂಚು ಮುಚ್ಚಿಕೊಂಡು ಬಿಸ್ಕಿಟ್ ಒಂದು ಕಡೆಗೆ ವಾಲುತ್ತದೆ, ನೇರ ಒತ್ತಬೇಕು. 200 ಡಿಗ್ರಿಯಲ್ಲಿ ಹದಿನೈದು ನಿಮಿಷ. ಮುರಿದರೆ ಪದರ ಬಿಚ್ಚಿ ಹಬೆ ಬಂತು, ಮರುದಿನವೂ ಮೆತ್ತಗಿತ್ತು.

ಇನ್ನೊಂದು ದೂರು ಅಳತೆಯದು. ಪೊಟ್ಟಣ 7 ಗ್ರಾಂನದು, ಐದು ಕಪ್ ಮೈದಾಕ್ಕೆ ಸಾಕು. ಇಬ್ಬರೇ ಇರುವ ಮನೆಗೆ ಅರ್ಧ ಉಳಿಯುತ್ತದೆ, ಒಮ್ಮೆ ಹರಿದ ಬಾಯನ್ನು ಮುಚ್ಚುವ ದಾರಿಯಿಲ್ಲ. ಉಳಿದ ಪುಡಿಯನ್ನು ಗಾಳಿಯಾಡದ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟೆ. ಮೂರು ವಾರದ ನಂತರವೂ ನೊರೆ ಬಂತು. ಇನ್ನೆರಡು ಪೊಟ್ಟಣ ತಂದಿಟ್ಟಿದ್ದೇನೆ.